ನಿಲ್ಲಿಸಿದರೂ ಹೊರಡುತ್ತಿದ್ದ ಕರೆಯೋಲೆ

ನಿಂತುಹೋದ ಮದುವೆಯೊಂದಕ್ಕೆ ಕಳೆದ ಸೋಮವಾರ ಬೆಳಿಗ್ಗೆ ನಮ್ಮ ಗೇರುಸೊಪ್ಪದ ಮಾವನ ಮೊಬೈಲಿಗೆ ಕರೆಯೋಲೆ ಬಂತು. ಗಣಪತಿ, ಮಾವಿನ ತೋರಣ, ವಾಲಗದ ಸದ್ದು, ಎಲ್ಲ ಇತ್ತು. ಅವರು ಕನ್ನಡಕ ಒರೆಸಿಕೊಂಡು ಓದಿ ಮುಗಿಸುವುದರೊಳಗೆ ಅದೇ ಕರೆಯೋಲೆ ಇನ್ನೊಮ್ಮೆ ಬಂತು. ಚಾ ಕುಡಿಯುವಾಗ ಮತ್ತೊಮ್ಮೆ.

ಮಾವ ಕುಮಟಾದಲ್ಲಿದ್ದ ನನಗೆ ಫೋನ್ ಹಚ್ಚಿದರು. "ಒಂದು ಮದುವೆಗೆ ಎಷ್ಟು ಸಲ ಕರೀತ್ರಿ? ಒಂದ್ಸಲ ಕರೆದ್ರೂ ನಾ ಬರ್ತಿದ್ದೆ."

ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. (ಬರೆಯುವವರ ಉತ್ಪ್ರೇಕ್ಷೆಯಲ್ಲ, ನಿಜಕ್ಕೂ ಬಿತ್ತು. ನೆಲವೆಲ್ಲ ಸಾರು.) ಆ ಮದುವೆ ಹೊನ್ನಾವರದಲ್ಲಿರುವ ನನ್ನ ಅಕ್ಕನ ಮಗಳು ಅಶ್ವಿನಿಯದು. ತನಗದು ಬೇಡ ಎಂದು ಅವಳು ಹೇಳಿ ಆಗಲೇ ಎರಡು ವಾರ ಕಳೆದಿತ್ತು.

ಅಶ್ವಿನಿ ದಿನಾ ಬಸ್ಸಿನಲ್ಲಿ ಭಟ್ಕಳಕ್ಕೆ ಹೋಗಿ ರಕ್ತಪರೀಕ್ಷೆಯ ಲ್ಯಾಬ್ ಒಂದರಲ್ಲಿ ಕೆಲಸ ಮಾಡುತ್ತಾಳೆ. ಹುಡುಗ ಧಾರೇಶ್ವರದ ಕಡೆಯವನು. ನಿಶ್ಚಿತಾರ್ಥವಾದ ಮೇಲೆ, ಮದುವೆಯಾದರೆ ಲ್ಯಾಬ್ ಬಿಡಬೇಕು ಎಂದನಂತೆ. ಅವಳು ಅವನಿಗೂ ಬೇಡ ಎಂದು ಹೇಳಿ, ಮನೆಗೆ ಬಂದು ಈ ಮದುವೆ ಬೇಡ ಎಂದಳು. ಹಿರಿಯರು ಏನೆಂದೆವು? "ನೋಡ್ವ" ಎಂದೆವು, ನೋಡೋಣ ಎಂದು. ಒಂದು ಮಾತನ್ನು ಗಲಾಟೆಯಿಲ್ಲದೆ ಮುಚ್ಚಿಡಬೇಕಾದಾಗ ನಾವು ಬಳಸುವ ಮುಚ್ಚಳ ಅದು.

ಹಾಗಾದರೆ ಕರೆಯೋಲೆ ಕಳಿಸಿದ್ದು ಯಾರು?

ಗಜಾನನನ ಸಾಫ್ಟ್‌ವೇರ್. ಗಜಾನನ ಹೊನ್ನಾವರದಲ್ಲಿ ಮದುವೆ ಮಾಡಿಸುವ ಕಂಪನಿ ಇಟ್ಟಿದ್ದಾನೆ. ಭಟ್ಕಳದಿಂದ ಕುಮಟಾದವರೆಗೆ ಹಾಲ್, ಅಡುಗೆ, ಮಲ್ಲಿಗೆ, ಕರೆಯೋಲೆ ಎಲ್ಲ ಅವನದೇ. ಎಲ್ಲವೂ ಕ್ಲೌಡ್‌ನಲ್ಲಿ. ಸೋಮವಾರ ಕರೆಯೋಲೆ ಹೋಗಬೇಕೆಂದು ನಿಶ್ಚಿತಾರ್ಥದ ದಿನವೇ ಗೊತ್ತುಮಾಡಿದ್ದರು, ಅದು ಹೊತ್ತಿಗೆ ಸರಿಯಾಗಿ ಹೊರಟಿತ್ತು.

ಫೋನ್ ಮಾಡಿ ಬೈದೆ. ನಿಲ್ಲಿಸು ಅಂದೆ. ನಿಲ್ಲಿಸಿದೆ, ಆದರೆ ಅದು ಮತ್ತೆ ಏಳುತ್ತಿದೆ ಅಂದ! ಬೆಳಿಗ್ಗೆಯಿಂದ ಅವನಿಗೆ ಅದೇ ಕೆಲಸವಂತೆ, ಕೊಲ್ಲುವುದು, ಅದು ಏಳುವುದು. ಇದೆಂಥ ಭೂತ?

ಭೂತವಲ್ಲ, ಕಂಟೇನರ್ ಆರ್ಕೆಸ್ಟ್ರೇಷನ್ ಎಂದ. (ಹೆದ್ದಾರಿಯಲ್ಲಿ ಲಾರಿ ಮೇಲೆ ಹೋಗುವ ಕಂಟೇನರ್ ಅಲ್ಲ. ನಾನೂ ಮೊದಲು ಹಾಗೇ ತಿಳಿದೆ.) ಊಟದ ಪಂಕ್ತಿಯ ಲೆಕ್ಕದಲ್ಲಿ ಹೇಳಿದ ಮೇಲೆ ನನ್ನ ತಲೆಗೆ ಹೋಯಿತು. ಒಂದೊಂದು ಕೆಲಸಕ್ಕೂ ಒಂದೊಂದು ಕಂಟೇನರ್, ಒಬ್ಬೊಬ್ಬ ಬಡಿಸುವವನ ಹಾಗೆ. ಅವರ ಮೇಲೊಬ್ಬ ಯಜಮಾನ, ಅದೇ ಆರ್ಕೆಸ್ಟ್ರೇಷನ್. ಸಾಂಬಾರು ಬಡಿಸುವವ ಸುಸ್ತಾಗಿ ಕೂತರೂ, ಗಜಾನನನೇ ಹಿಡಿದು ಕೂರಿಸಿದರೂ, ಯಜಮಾನ ಮರುಕ್ಷಣ ಇನ್ನೊಬ್ಬನ ಕೈಗೆ ಬಕೆಟ್ ಕೊಡುತ್ತಾನೆ. ಮೇ ತಿಂಗಳ ಮದುವೆ ಗದ್ದಲದಲ್ಲಿ ಬಡಿಸುವವರನ್ನು ತಾನೇ ಹೆಚ್ಚಿಸುತ್ತಾನೆ. ಗಜಾನನನ ವ್ಯಾಪಾರ ಒಂದು ದಿನವೂ ನಿಲ್ಲದೆ ನಡೆಯುವುದು ಹಾಗೆ.

ಆದರೆ ಹೊಸಬನಿಗೆ ಹಿಂದಿನವನು ಎಲ್ಲಿಯವರೆಗೆ ಬಡಿಸಿದ್ದ ಎಂಬುದು ಗೊತ್ತಿರುವುದಿಲ್ಲ. ಮೊದಲ ಎಲೆಯಿಂದಲೇ ಶುರು. ನಮ್ಮ ಕರೆಯೋಲೆಯ ಪಟ್ಟಿಯಲ್ಲಿ ಮೊದಲ ಎಲೆ ಗೇರುಸೊಪ್ಪದ ಮಾವನದು. ಎರಡನೆಯದು? ಧಾರೇಶ್ವರದ ಬೀಗರದು.

ಅಲ್ಲಿಗೆ ನಾನು ಒಲೆ ಆರಿಸಿದೆ. ಬಸ್ ಹತ್ತಿ ಹೊನ್ನಾವರಕ್ಕೆ ಓಡಿದೆ. ನಾನು ಹೋಗುವಷ್ಟರಲ್ಲಿ ಬೀಗರ ಫೋನ್ ಬಂದಾಗಿತ್ತು. ಹುಡುಗಿ ಒಪ್ಪಿಕೊಂಡಳೆಂದು ಅವರಿಗೆ ಬಹಳ ಸಂತೋಷವಂತೆ. ಹುಡುಗ ನೇರ ಲ್ಯಾಬಿಗೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ದಾನೆ. ಅಶ್ವಿನಿ ಅರ್ಧ ದಿನ ರಜೆ ಹಾಕಿ ಭಟ್ಕಳದಿಂದ ಬಂದು ಜಗಲಿಯಲ್ಲಿ ನಿಂತಿದ್ದಳು, ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

ನಾನು ಗಜಾನನನಿಗೆ ಮತ್ತೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಆ ಯಜಮಾನನನ್ನೇ ಸುಮ್ಮನಾಗಿಸಲು ಬರುವುದಿಲ್ಲವೇ ಮಾರಾಯ ಎಂದು ಕೇಳಿದೆ. ಬರುತ್ತದೆ ಎಂದ. ಅದು ಬಹಳ ಸುಲಭವಂತೆ. ನಮಗೆ ಏನು ಬೇಕು ಎಂದು ಒಂದು ಕಡೆ ಬರೆದಿಟ್ಟಿರುತ್ತಾರೆ, ಯಜಮಾನ ಅದನ್ನಷ್ಟೇ ನಂಬುತ್ತಾನೆ. ಅಲ್ಲಿ ಅಶ್ವಿನಿಯ ಮದುವೆ ‘ಬೇಕು’ ಎಂದೇ ಇದೆ. ಅದರ ಬದಲು ಸೊನ್ನೆ ಹಾಕಿದರೆ ಎಲ್ಲ ನಿಲ್ಲುತ್ತದೆ. ಮದುವೆ ಹಾಲ್‌ನ ತಾರೀಖೂ ಬೇರೆಯವರ ಪಾಲಾಗುತ್ತದೆ.

"ಮತ್ತೆ ಹಾಕ್ಲಿಲ್ಲ ಎಂತಕ್ಕೆ?" ಎಂದೆ.

ಗಜಾನನ ಹೇಳಿದ, "ಶಾರದಕ್ಕ ಬೇಡ ಅಂದ್ರು. ಕರೆಯೋಲೆ ಮಾತ್ರ ಸದ್ಯಕ್ಕೆ ತಡಿ, ಮದುವೆ ‘ಬೇಕು’ ಅಂತಿದ್ದದ್ದು ಹಾಗೇ ಇರ್ಲಿ, ಹುಡುಗಿ ಮನಸ್ಸು ನಾಳೆ ಬದಲಾಗ್ತದೆ ಅಂದ್ರು."

ಶಾರದಕ್ಕ ಅಂದರೆ ನನ್ನ ಅಕ್ಕ. ಅಶ್ವಿನಿಯ ಅಮ್ಮ. ನಾನು ದಂಗಾಗಿ, ಪಕ್ಕದಲ್ಲೇ ನಿಂತಿದ್ದ ಅಕ್ಕನ ಮುಖ ನೋಡಿದೆ. ಎರಡು ವಾರದಿಂದ ಮಗಳೆದುರು ಹೂಂಗುಟ್ಟುತ್ತ, ಒಳಗೊಳಗೇ ಹಾಲ್ ಹಿಡಿದಿಟ್ಟುಕೊಂಡಿದ್ದಾಳೆ! ಎಲ್ಲ ಗೊತ್ತಿದ್ದೂ ಗಜಾನನ ಗೋಣು ಹಾಕಿದ್ದಾನೆ. ಯಂತ್ರ ಕೆಟ್ಟಿದೆ ಎಂದು ಬೆಳಗಿನಿಂದ ಬೈಯುತ್ತಿದ್ದೆನಲ್ಲ, ಅದು ನಮ್ಮ ಮನೆಯ ಮನಸ್ಸಿನಲ್ಲಿದ್ದದ್ದನ್ನೇ ಅಚ್ಚುಕಟ್ಟಾಗಿ ಮಾಡುತ್ತಿತ್ತು.

ಅಶ್ವಿನಿ ಕೂಗಾಡಲಿಲ್ಲ. "ಅಮ್ಮಾ, ನಾ ಬೇಡ ಅಂದಿದ್ದು ನಿಂಗೆ ಕೇಳಿತ್ತು ಅಲ್ದಾ?" ಎಂದಷ್ಟೇ ಕೇಳಿದಳು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಜನ ಎಂತ ಹೇಳಿಯಾರು, ಇಂಥ ಸಂಬಂಧ ಮತ್ತೆ ಸಿಗುವುದೇ ಎಂದು ಏನೇನೋ ಗೊಣಗಿದಳು. ಸೊನ್ನೆ ಹಾಕು ಎಂಬ ಎರಡು ಶಬ್ದ ಮಾತ್ರ ಅವಳ ಬಾಯಿಂದ ಬರಲಿಲ್ಲ. ನಾಚಿಕೆಯ ಮಾತೆಂದರೆ, ನನ್ನ ಬಾಯಿಂದಲೂ ಬರಲಿಲ್ಲ.

ಫೋನಿನಲ್ಲಿ ಗಜಾನನ ಕಾಯುತ್ತಲೇ ಇದ್ದ. ಕೊನೆಗೆ ಅವನೇ ಕೇಳಿದ, "ಅಶ್ವಿನಿ, ನೀನೇ ಹೇಳು. ನಿಂಗೆ ಈ ಮದುವೆ ಬೇಕಾ, ಬೇಡ್ವಾ?"

"ಬೇಡ."

"ಆತು" ಎಂದ. ಆಮೇಲೆ ಯಾರಿಗೂ ಕರೆಯೋಲೆ ಹೋಗಲಿಲ್ಲ.

ಸಂಬಂಧ ಬಂದ ದಿನದಿಂದ ಅವಳನ್ನು ಹಾಗೆ ನೇರವಾಗಿ ಕೇಳಿದ ಮೊದಲನೆಯವನು ಗಜಾನನ. ನಾವು ಮನೆಯವರು ಕೇಳಿದ್ದು ಒಂದೇ, ಸೀರೆ ಯಾವ ಬಣ್ಣದ್ದಿರಲಿ ಎಂದು.