ಡ್ರಮ್ಮಿಗೆ ಪ್ರದಕ್ಷಿಣೆ ಹಾಕಿದ ರಾಚಯ್ಯನವರು

ಹವ್ಯಾಸಿ ಖಗೋಳ ವೀಕ್ಷಕರ ವಲಯದಲ್ಲಿ, ಅದರಲ್ಲೂ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯಲ್ಲಿ, ಎರಡು ಬಗೆಯ ಜನರಿದ್ದಾರೆ: ಆಕಾಶದ ಬಗ್ಗೆ ಭಾಷಣ ಮಾಡುವವರು ಮತ್ತು ಆಕಾಶವನ್ನು ತೋರಿಸುವವರು. ಮೊದಲನೆಯವರಿಗೆ ಬರವಿಲ್ಲ, ಈ ಅಭಿನಂದನ ಗ್ರಂಥದಲ್ಲೇ ಅಂಥವರ ಹನ್ನೊಂದು ಲೇಖನಗಳಿವೆ. ಎರಡನೆಯ ಪಂಗಡದಲ್ಲಿ ಎದ್ದು ಕಾಣುವವರು ಶ್ರೀ ರಾಚಯ್ಯನವರು. ನರಸೀಪುರದ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ವರ್ಷ ಅಟೆಂಡರಾಗಿ ದುಡಿದು ಈಗ ನಿವೃತ್ತರಾಗುತ್ತಿರುವ ಅವರು, ದೂರದರ್ಶಕಕ್ಕೆ ಬೇಕಾದ ಕನ್ನಡಿಗಳನ್ನು ಕೈಯಾರೆ ಉಜ್ಜಿ ಸಿದ್ಧಪಡಿಸಿದ್ದಾರೆ, ಇದುವರೆಗೆ ಐದು.

ಕವಲಂದೆಯಿಂದ ಬಂದು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ರಾಚಯ್ಯನವರು ಪ್ರಯೋಗಾಲಯದ ಮಸೂರವೊಂದನ್ನು ಪಂಚೆಯ ತುದಿಯಿಂದ ಒರೆಸಿ, ಉಪನ್ಯಾಸಕ ಬದರೀನಾರಾಯಣರಿಂದ ಬೈಸಿಕೊಂಡರು. ಅಂದಿನಿಂದ ಅವರ ಅಂಗಿಯ ಜೇಬಿನಲ್ಲಿ ಒಗೆದು ಮಡಿಸಿದ ಮಲ್ ಬಟ್ಟೆಯ ತುಂಡು ತಪ್ಪಿದ್ದಿಲ್ಲ. ಮಕ್ಕಳು ಗಾಜಿನ ಸಾಮಾನು ಒಡೆದಾಗಲೆಲ್ಲ ಅವರು "ಬೆಕ್ಕು ಬೀಳಿಸ್ತು ಸಾ" ಎನ್ನುತ್ತಿದ್ದರು. ಯಾರೂ ಕಾಣದ ಆ ಬೆಕ್ಕು ನೂರಾರು ವಿದ್ಯಾರ್ಥಿಗಳನ್ನು ದಂಡದಿಂದ ಕಾಪಾಡಿತು. ಪ್ರಾಂಶುಪಾಲರೊಬ್ಬರು ಅದನ್ನು ಹಿಡಿಸಬೇಕೆಂದು ಪುರಸಭೆಗೆ ಪತ್ರವನ್ನೇ ಬರೆದರು.

ಎರಡು ಸಾವಿರದ ಇಪ್ಪತ್ತರಲ್ಲಿ ಕಾಲೇಜಿಗೆ ಬೀಗ ಬಿದ್ದಿತ್ತು. ಆ ಡಿಸೆಂಬರ್ ಇಪ್ಪತ್ತೊಂದರ ಸಂಜೆ ಗುರು ಮತ್ತು ಶನಿ ಗ್ರಹಗಳು ಆಕಾಶದಲ್ಲಿ ಮೈಗೆ ಮೈ ತಾಗುವಷ್ಟು ಹತ್ತಿರ ಕಾಣಲಿದ್ದವು. ತೋರಿಸೋಣವೆಂದರೆ ನಮ್ಮ ವೀಕ್ಷಕರ ಬಳಗದಲ್ಲಿದ್ದ ಒಂದೇ ದೂರದರ್ಶಕದ ಮಸೂರಕ್ಕೆ ಬೂಷ್ಟು ಹಿಡಿದಿತ್ತು. ಬದರೀನಾರಾಯಣರು ಆರು ಅಂಗುಲದ ಎರಡು ಗಾಜಿನ ಬಿಲ್ಲೆಗಳನ್ನು ತರಿಸಿ ರಾಚಯ್ಯನವರ ಕೈಗಿಟ್ಟು, "ಇದೇ ನಮ್ಮ ದೂರದರ್ಶಕದ ಕಣ್ಣು ಕಣ್ರೀ" ಎಂದರು. ಕೆಲಸದ ಕ್ರಮ ಹೀಗೆ: ಒಂದು ಬಿಲ್ಲೆಯನ್ನು ಡ್ರಮ್ಮಿನ ಮೇಲೆ ಕೂರಿಸಿ, ನಡುವೆ ಉಜ್ಜುವ ಪುಡಿಯನ್ನೂ ನೀರನ್ನೂ ಹಾಕಿ, ಮುಂದೆ ಕನ್ನಡಿಯಾಗಲಿರುವ ಇನ್ನೊಂದನ್ನು ಅದರ ಮೇಲಿಟ್ಟು ಹಿಂದೆ ಮುಂದೆ ಆಡಿಸಬೇಕು. ಗಾಜು ಎಲ್ಲ ಕಡೆಯೂ ಸಮನಾಗಿ ಸವೆಯಲು, ಎಣಿಸಿದಷ್ಟು ಸಲ ಉಜ್ಜಿದ ಮೇಲೆ ಒಂದೊಂದು ಹೆಜ್ಜೆ ಸರಿಯುತ್ತ ಡ್ರಮ್ಮನ್ನೇ ಸುತ್ತಬೇಕು.

ಬೆಳಗಿನ ಹೊತ್ತು, ತಿಂಡಿಯ ಹಂಗಿಲ್ಲದೆ, ತುಟಿ ಅಲುಗಿಸಿ ಎಣಿಸುತ್ತ ಹಿತ್ತಲಿನಲ್ಲಿ ಡ್ರಮ್ ಸುತ್ತುತ್ತಿದ್ದ ಗಂಡನನ್ನು ಕಂಡು ಕೆಂಪಾಜಮ್ಮನವರು ಬೆರಗಾದರು. ಈ ಮನುಷ್ಯ ಮದುವೆಯಾದಾಗಿನಿಂದ ಒಂದು ಗುಡಿಯನ್ನೂ ಸುತ್ತಿದವರಲ್ಲ.

"ಏನ್ರೀ ಇದು, ಯಾತಕ್ಕೆ ಸುತ್ತೀರಿ?"

"ಕಣ್ಣಿಗೆ ಕಣಮ್ಮಿ" ಎಂದರು ರಾಚಯ್ಯನವರು, ಎಣಿಕೆ ತಪ್ಪೀತೆಂಬ ಅವಸರದಲ್ಲಿ.

ಕೆಂಪಾಜಮ್ಮನವರ ಬಲಗಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಬೇಕು ಎಂದು ಮೈಸೂರಿನ ಡಾಕ್ಟರು ಹೇಳಿದ್ದು ಅದೇ ವಾರ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಮಧ್ಯಾಹ್ನ ಮುದ್ದೆಯ ಮೇಲೆ ತುಪ್ಪ ಬಿದ್ದಾಗಲೇ ರಾಚಯ್ಯನವರಿಗೆ ತಮ್ಮ ಮಾತು ಎಲ್ಲಿಗೆ ಹೋಗಿ ಮುಟ್ಟಿದೆಯೆಂದು ಹೊಳೆದದ್ದು. ನಿಜ ಹೇಳಲು ಬಾಯಿ ತೆರೆದರು. ಮುದ್ದೆ ಒಳಗೆ ಹೋಯಿತು.

ಮರುದಿನದಿಂದ ಡ್ರಮ್ಮಿಗೆ ಅರಿಶಿನ, ಕುಂಕುಮ, ದಾಸವಾಳ. ಅಕ್ಷತೆಯ ಜೊತೆ ಬಂದ ಮರಳಿನ ಕಣವೊಂದು ಕನ್ನಡಿಗೆ ಕೂದಲೆಳೆಯಷ್ಟು ಗೀರು ಹಾಕಿತು. ಗಾಜಿಗೆ ಹೊಳಪು ಕೊಡುವ ಕೆಂಪು ಪುಡಿಯನ್ನು ಪಕ್ಕದ ಮನೆಯ ಹೇಮಲತಾ ಪ್ರಸಾದವೆಂದು ಹಣೆಗಿಟ್ಟುಕೊಂಡರು. ನಾಲ್ಕು ದಿನ ಸೋಪು ಹಾಕಿ ತಿಕ್ಕಿದರೂ ಹೋಗದ್ದರಿಂದ ಡ್ರಮ್ಮಿನ ಮಹಿಮೆ ಬೀದಿಯ ಕೊನೆಯವರೆಗೂ ಹಬ್ಬಿತು.

"ಸಾ, ನಿಮ್ ಕಣ್ಣೂ ಅವಳ್ ಕಣ್ಣೂ ಒಂದಾಗೋಯ್ತು. ಈಗ ನಾನೇನ್ ಏಳ್ಲಿ?" ಎಂದು ರಾಚಯ್ಯನವರು ಗೋಳಾಡಿದರು.

"ಆಪರೇಷನ್ ಆಗೋವರೆಗೂ ಬಾಯಿ ಬಿಡಬೇಡಿ. ಅವರು ಧೈರ್ಯವಾಗಿರಲಿ" ಎಂದರು ಬದರೀನಾರಾಯಣರು.

ಆಪರೇಷನ್ ಸಾಂಗವಾಗಿ ನೆರವೇರಿತು. ಕೆಂಪಾಜಮ್ಮನವರು ಕಂಡಕಂಡವರಿಗೆಲ್ಲ "ನಮ್ಮನೆಯವ್ರ್ ಅರಕೆ ಕಣ್ರವ್ವಾ" ಎಂದು ಹೇಳಿಕೊಂಡು ತಿರುಗಿದರು. ರಾಚಯ್ಯನವರಿಗೆ ಅನ್ನ ಇಳಿಯದಾಯಿತು. ಬೆಕ್ಕಿನ ಸುಳ್ಳಿನಿಂದ ಬದುಕಿದವರು ಮಕ್ಕಳು. ಈ ಸುಳ್ಳಿನಿಂದ ತುಪ್ಪ ತಿಂದವರು ತಾವು. ಮೂವತ್ತು ವರ್ಷ ತಮ್ಮನ್ನು ನಂಬಿದ ಹೆಂಗಸು ಇನ್ನು ನಂಬುವಳೇ ಎಂಬ ಹೆದರಿಕೆ ಅವರನ್ನು ನಿಜಕ್ಕೂ ಕಾಡಿತು.

ಕನ್ನಡಿಗೆ ಬೆಂಗಳೂರಿನಲ್ಲಿ ಅಲ್ಯೂಮಿನಿಯಂ ಲೇಪವಾಗಿ, ಪಿವಿಸಿ ಪೈಪಿನೊಳಗೆ ಅದು ಕೂತು, ಆ ಸಂಜೆಯೂ ಬಂತು. ಕಾಲೇಜಿನ ಮೈದಾನದಲ್ಲಿ ಸಾಲು. ಎಲ್ಲರ ಮುಖಕ್ಕೂ ಮಾಸ್ಕು, ಅದರಿಂದ ಹೊರಟ ಉಸಿರಿಗೆ ಕಣ್ಣಿಡುವ ಗಾಜಿನ ತುಂಬ ಆವಿ. ಗುರುವಿನ ದರ್ಶನಕ್ಕೆಂದು ಬಂದವರು ಪಕ್ಕದಲ್ಲೇ ಶನಿಯಿದ್ದಾನೆಂದು ಕೇಳಿ ಕಣ್ಣು ಮುಚ್ಚಿಕೊಂಡರು. ರಾಚಯ್ಯನವರು ಎಲ್ಲರಿಗೂ, "ಗುರೂನ ನೋಡಿ, ಪಕ್ಕದೋನ್ನ ಮಾತಾಡಿಸ್ಬ್ಯಾಡಿ" ಎಂದು ದಾರಿ ತೋರಿದರು.

ಅಷ್ಟರಲ್ಲಿ ಬದರೀನಾರಾಯಣರ ಕೈಗೆ ಮೈಕು ಸಿಕ್ಕಿತು. ಮೈಕು ಸಿಕ್ಕ ಮೇಷ್ಟರಿಗೆ ತಾವೇ ಮುಚ್ಚಿಡಿಸಿದ ಗುಟ್ಟು ನೆನಪಿರುವುದುಂಟೇ? "ಈ ಒಂದು ಕನ್ನಡಿಗಾಗಿ ನಮ್ಮ ರಾಚಯ್ಯನವರು ನಲವತ್ತೆರಡು ದಿನ ಡ್ರಮ್ ಸುತ್ತಿದ್ದಾರೆ!" ಎಂದು ಘೋಷಿಸಿಬಿಟ್ಟರು. ಚಪ್ಪಾಳೆ ಬಿತ್ತು. ಸಾಲಿನ ಮುಂದೆಯೇ ನಿಂತಿದ್ದ ಕೆಂಪಾಜಮ್ಮನವರು ಮಾತ್ರ ಕೈ ತಟ್ಟಲಿಲ್ಲ. ರಾಚಯ್ಯನವರು ಗಕ್ಕನೆ ಆಕೆಯತ್ತ ತಿರುಗಿದ ರಭಸಕ್ಕೆ ಗುರು ಶನಿ ಇಬ್ಬರೂ ಪೈಪಿನಿಂದಾಚೆ ಹೋದರು.

"ಕನ್ನಡಿಗಾ ಸುತ್ತಿದ್ದು?"

"ಊ ಕಣಮ್ಮಿ."

"ನನ್ ಕಣ್ಗಲ್ವಾ?"

"ಮೊದ್ಲು ಕನ್ನಡಿಗೇ ಸುರು ಮಾಡ್ದೆ, ಸುಳ್ಳು ಏಳಾಕಿಲ್ಲ. ಆಮ್ಯಾಕೆ ಸುತ್ತುವಾಗೆಲ್ಲ ನಿನ್ ಕಣ್ಣೇ ಮನಸಲ್ಲಿ ಬರೋದು. ಅದ್ರಿಂದ್ಲೇ ಎಣಿಕೆ ತಪ್ಪಿ ಒಂದ್ ಕಡೆ ಜಾಸ್ತಿ ಸವೆದೋಗಿ, ಎರಡ್ ಸಲ ಮೊದ್ಲಿಂದ ಉಜ್ಜಿದ್ದು. ಬೇಕಾದ್ರೆ ಸಾರ್‌ನ ಕೇಳು."

ಮೈಕು ಹಿಡಿದಿದ್ದ ಸಾರು ನೆಲ ನೋಡಿ ಹೌದೆಂದು ತಲೆಯಾಡಿಸಿದರು. ರಾಚಯ್ಯನವರು ಪೈಪನ್ನು ಮತ್ತೆ ಹೊಂದಿಸಿ ಪಕ್ಕಕ್ಕೆ ಸರಿದರು. ಕೆಂಪಾಜಮ್ಮನವರು ಬಗ್ಗಿ, ಹೊಸ ಕಣ್ಣಿಟ್ಟು, ಹಿಂದಿನವರು ಗೊಣಗುವಷ್ಟು ಹೊತ್ತು ನೋಡಿದರು. ಸೊಂಟಕ್ಕೆ ಕೈಕೊಟ್ಟು ಎದ್ದವರೇ ಎಲ್ಲರಿಗೂ ಕೇಳುವಂತೆ ಹೇಳಿದರು: "ಉಂಗ್ರ ಹಾಕ್ಕೊಂಡವ್ನೆ ಶನಿ. ಚೆನ್ನಾಗ್ ಕಾಣ್ತದೆ. ಸಂಕ್ರಾಂತಿ ಆದ್ಮೇಲೆ ಎಡಗಣ್ಣಿಂದು ಅಂದವ್ರೆ ಡಾಕ್ಟ್ರು. ಸಾ, ಇನ್ನೊಂದ್ ಗಾಜು ತರ್ಸಿ."

ಹಾಗೆ ಎಡಗಣ್ಣಿಗೆ ಸುತ್ತಿದ ಎರಡನೆಯ ಕನ್ನಡಿ ಇಂದು ಬನ್ನೂರಿನ ಶಾಲೆಯೊಂದರಲ್ಲಿದೆ. ಮಗಳು ಶಾಲಿನಿಯ ಹೆರಿಗೆಗೆ ಸುತ್ತಿದ್ದು ನಂಜನಗೂಡಿಗೆ ಹೋಯಿತು, ಹೇಮಲತಾರ ಮಂಡಿನೋವಿಗೆ ಸುತ್ತಿದ್ದು ಕಳಲೆಗೆ. ಐದನೆಯದನ್ನು ಬದರೀನಾರಾಯಣರ ರಕ್ತದೊತ್ತಡಕ್ಕೆಂದು ಸುತ್ತಿದರು. ಮೇಷ್ಟರು ಒಳಗೊಳಗೇ ನಂಬಿದ್ದಾರೆಂಬ ಗುಮಾನಿ ಬಳಗಕ್ಕಿದೆ.

ನಿವೃತ್ತಿಯ ಈ ಶುಭ ಸಂದರ್ಭದಲ್ಲಿ ಶ್ರೀ ರಾಚಯ್ಯನವರ ಕೈಗೆ ಕಸುವೂ ಕಾಲಿಗೆ ಬಲವೂ ಇರಲಿ, ಈ ಸೀಮೆಯ ಊರೂರಿಗೂ ಅವರ ಕನ್ನಡಿ ತಲುಪಲಿ ಎಂದು ಬಳಗದ ಪರವಾಗಿ ಹಾರೈಸುವುದು ನಮ್ಮ ಕರ್ತವ್ಯ. ಅವರಿಗೆ ದೀರ್ಘಾಯುಷ್ಯವನ್ನು ಕೋರುವ ಕೆಲಸವನ್ನು ಮಾತ್ರ ನಮ್ಮ ಕೈಯಿಂದ ಕಸಿದುಕೊಳ್ಳಲಾಗಿದೆ. ಕಳೆದ ಸೋಮವಾರ ಆರನೆಯ ಗಾಜು ಬಂದಿಳಿದಾಗ, ಇದು ಯಾರಿಗೆಂದು ಬದರೀನಾರಾಯಣರು ಕೇಳಿದರು. ಕೆಂಪಾಜಮ್ಮನವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದರಂತೆ: "ಇದು ಇವ್ರ್ ಆಯಸ್ಸಿಗೆ ಸಾ. ಉಜ್ಜೋದ್ ಎಂಗೇಂತ ಏಳ್ಕೊಡ್ಲಿ ಸಾಕು. ಸುತ್ತೋಳು ನಾನು."