ನಾಜಮೀನ್ ತೆಗೆದ ಯುದ್ಧ

ಅಣ್ಣಿಗೇರಿಯ ನಾಜಮೀನ್ ಮದುವೆ ವಿಡಿಯೋ ತೆಗೆಯುವವಳು. ಮದುಮಗಳ ಕೋಣೆಯೊಳಗೆ ಗಂಡಸರು ಕ್ಯಾಮೆರಾ ಹಿಡಿದು ಬರುವುದು ಬೇಡ ಎನ್ನುವ ಮನೆಗಳವರು, ಹಿಂದೂಗಳಿರಲಿ ಮುಸಲ್ಮಾನರಿರಲಿ, ಅವಳನ್ನೇ ಕರೆಯುತ್ತಿದ್ದರು. ಕೆಲಸ ಚೆನ್ನಾಗಿ ಬರುತ್ತಿತ್ತು, ಆದರೆ ಧೈರ್ಯ ಮಾತ್ರ ಎಂದೂ ಬರಲಿಲ್ಲ. ಅಕ್ಕಿಕಾಳು ಬೀಳುವ ಹೊತ್ತಿಗೆ ಬ್ಯಾಟರಿ ಮುಗಿದರೆ? ಕಾರ್ಡು ಕೆಟ್ಟರೆ? ಮದುವೆಯ ಹಿಂದಿನ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅಂಥವಳ ಬಳಿಗೆ ಒಂದು ಬೇಸಿಗೆಯಲ್ಲಿ ತಿರ್ಲಾಪುರದ ಸಂಗನಬಸವ ಬಂದ. ಸೈನ್ಯದಿಂದ ನಿವೃತ್ತನಾಗಿ ಊರಲ್ಲಿ ಹೊಲ ನೋಡಿಕೊಂಡಿದ್ದವನು. ಅವನ ಜತೆಗೇ ಸೈನ್ಯ ಸೇರಿದ್ದ ಅದೇ ಊರಿನ ಮಡಿವಾಳೆಪ್ಪ ಗಡಿಯಲ್ಲಿ ಅವನ ಪಕ್ಕದಲ್ಲೇ ಸತ್ತಿದ್ದ. ಮಡಿವಾಳೆಪ್ಪನ ಪುಣ್ಯತಿಥಿಗೆ ಶಾಲೆಯಲ್ಲಿ ತೋರಿಸಲು ಒಂದು ಸಣ್ಣ ಸಿನಿಮಾ ಬೇಕೆಂದ.

"ನಾ ಮದವಿ ಅಷ್ಟ ತಗೀತೀನ್ರಿ ಅಣ್ಣಾರ" ಎಂದಳು ನಾಜಮೀನ್.

"ನಿಮ್ಮ ಕೆಲಸ ನೋಡೇನಿ, ತಂಗಿ. ಆದ್ರ ಮದವಿ ವಿಡಿಯೋದಾಗ ಎಲ್ಲಾ ನುಣ್ಣಗ ಕಾಣತದ. ಆವತ್ತ ಹಂಗಿರಲಿಲ್ಲ. ಮಣ್ಣ ಮ್ಯಾಲ ಹಾರಿದಾಗ ಒಂದೊಂದ ಹೆಂಟಿ ಬ್ಯಾರೆ ಬ್ಯಾರೆ ಕಂಡ್ವು. ಅಂವ ಓಡೂದೂ ಕಡದ ಕಡದ ಕಂಡಂಗಾತು. ನಂಗ ಹಂಗ ಬೇಕು."

ಆಗಲಿ ಎಂದು ಒಪ್ಪಿಕೊಂಡಳು.

ಅವನು ಹೇಳಿದ್ದು ಶಟರ್ ಸ್ಪೀಡಿನ ಮಾತು ಎಂದು ಅವಳಿಗೆ ಹೊಳೆಯಿತು. ಮದುವೆಯಲ್ಲಿ ಶಟರನ್ನು ಐವತ್ತಕ್ಕೆ ಇಡುತ್ತಿದ್ದಳು. ಎಂದರೆ ಪ್ರತಿ ಚಿತ್ರಕ್ಕೂ ಕ್ಯಾಮೆರಾದ ಕಣ್ಣು ಸೆಕೆಂಡಿನ ಐವತ್ತರಲ್ಲಿ ಒಂದು ಭಾಗದಷ್ಟು ಹೊತ್ತು ತೆರೆದಿರುತ್ತದೆ. ಅಷ್ಟರಲ್ಲಿ ಅಲುಗಿದ ಕೈ ತುಸು ಮಸುಕಾಗುತ್ತದೆ, ಆ ಮಸುಕಿನಿಂದಲೇ ಚಲನೆ ನಯವಾಗಿ ಕಾಣುತ್ತದೆ. ಕಣ್ಣು ಅದಕ್ಕಿಂತ ಬೇಗ ಮುಚ್ಚಿಕೊಂಡರೆ? ಹಿತ್ತಲಲ್ಲಿ ತಾಯಿ ಮೆಹರುನಬಿ ಜೋಳ ಕೇರುತ್ತಿದ್ದಳು. ನಾಜಮೀನ್ ಶಟರನ್ನು ಎಂಟುನೂರಕ್ಕೆ ಏರಿಸಿ ಅದನ್ನೇ ತೆಗೆದಳು. ಪರದೆಯ ಮೇಲೆ ನೋಡಿದರೆ ಪ್ರತಿ ಕಾಳೂ ಗಾಳಿಯಲ್ಲಿ ಒಂಟಿಯಾಗಿ ನಿಂತಿತ್ತು. ಮೊರ ಹಿಡಿದ ತಾಯಿಯ ಕೈ ಬೆಚ್ಚಿದವರ ಕೈಯಂತೆ ತುಂಡುತುಂಡಾಗಿ ಹಾರುತ್ತಿತ್ತು. ದಿನವೂ ನೋಡುವ ಕೈ, ಆದರೂ ಅವಳಿಗೆ ದಿಗಿಲಾಯಿತು. ಸಂಗನಬಸವ ಕೇಳಿದ್ದು ಇದೇ.

ಮಡಿವಾಳೆಪ್ಪನ ಪಾತ್ರಕ್ಕೆ ಅವಳ ತಮ್ಮ ಸಾಧಿಕ್ ಒಪ್ಪಿದ. ಅವನು ವೈರಿಂಗ್ ಕೆಲಸದವನು. ಎತ್ತರ, ನಡಿಗೆ ಎರಡೂ ಮಡಿವಾಳೆಪ್ಪನಂತೆಯೇ ಇವೆ ಎಂದು ಸಂಗನಬಸವ ಹೇಳಿದ್ದ. ಮಡಿವಾಳೆಪ್ಪನ ತಾಯಿ ರೇವವ್ವ ಇನ್ನೂ ಇದ್ದಳು. ಅವಳ ಪಾತ್ರಕ್ಕೆ ಶಾಲೆಯ ಶಿಕ್ಷಕಿ ರೋಹಿಣಿ ಬಂದರು.

"ರೇವವ್ವಗ ಹೇಳೀರೇನ್ರಿ?" ಎಂದು ನಾಜಮೀನ್ ಕೇಳಿದಳು.

"ಕಾರ್ಯಕ್ರಮ ಐತಿ ಅಂತ ಹೇಳೇನಿ" ಎಂದ ಸಂಗನಬಸವ. ಅದಕ್ಕಿಂತ ಹೆಚ್ಚು ಹೇಳುವುದು ಅವನಿಂದ ಆಗಿರಲಿಲ್ಲ.

ಹತ್ತಿ ಬಿಡಿಸಿದ ಹೊಲದಲ್ಲಿ, ಹಳ್ಳದ ದಂಡೆಯ ಮೇಲೆ ಶೂಟಿಂಗ್ ನಡೆಯಿತು. ಪಂಕ್ಚರ್ ಅಂಗಡಿಯಿಂದ ಗಾಳಿ ಟ್ಯಾಂಕ್ ತಂದು, ಅದರ ಪೈಪನ್ನು ಎರೆಮಣ್ಣಿನಲ್ಲಿ ಹುಗಿದು, ಒಮ್ಮೆಲೇ ಗಾಳಿ ಬಿಟ್ಟರು. ಮಣ್ಣು ಆಳೆತ್ತರಕ್ಕೆ ಎದ್ದಿತು. ಶಟರ್ ಬೇಗ ಮುಚ್ಚುವುದರಿಂದ ಒಳಗೆ ಬೆಳಕು ಸಾಲುವುದಿಲ್ಲ, ನೆತ್ತಿಯ ಬಿಸಿಲೇ ಬೇಕು. ನಡುಮಧ್ಯಾಹ್ನ ಒಂದು ಮೋಡ ಬಂದು ನಿಂತಾಗ ನಾಜಮೀನ್ ಕ್ಯಾಮೆರಾ ಆರಿಸಿದಳು. ಎಲ್ಲರೂ ಬಿಸಿಲಿಗೆ ಕಾದು ಕುಳಿತರು. ಮೋಡ ಸರಿದ ಮೇಲೆ ಸಾಧಿಕ್ ಓಡಿದ, ಮಣ್ಣು ಸಿಡಿಯಿತು, ಅವನು ಬಿದ್ದ. ಅದು ನಾಟಕವೆಂದು ಗೊತ್ತಿದ್ದೂ ಅವಳು "ಸಾಧಿಕ್" ಎಂದು ಕೂಗಿಬಿಟ್ಟಳು.

"ಎದ್ದೇನ್ ಬೇ ಆಪಾ, ಅಂಜಬ್ಯಾಡ" ಎಂದು ಅಕ್ಕನಿಗೆ ಹೇಳಿ ಅವನು ಮೈ ಜಾಡಿಸಿಕೊಂಡ.

ಬೆಳಕು ಇಳಿಯುವ ಮುಂಚೆ ಬೀಳ್ಕೊಡುವ ದೃಶ್ಯ ಮುಗಿಸಬೇಕಿತ್ತು. ಎಲ್ಲರೂ ಅವಸರದಲ್ಲಿ ತಿರ್ಲಾಪುರದ ಬಸ್ ಸ್ಟ್ಯಾಂಡಿಗೆ ಬಂದರು. ರಜೆ ಮುಗಿಸಿ ಹೊರಟ ಮಗ ಸಂಜೆಯ ಬಸ್ಸು ಹತ್ತುತ್ತಾನೆ, ತಾಯಿ ಕೈ ಬೀಸುತ್ತಾಳೆ. ರೋಹಿಣಿ ಕೈ ಬೀಸಿದರು, ಬಸ್ಸು ಹೋಯಿತು. ಊರಾಚೆ ಇಳಿದ ಸಾಧಿಕ್ ನಡೆದು ಬಂದ ಮೇಲೆ ಎಲ್ಲರೂ ಚಹಾ ಕುಡಿದು ಮನೆಗೆ ಹೋದರು.

ಮರುದಿನ ಸ್ಟುಡಿಯೋದಲ್ಲಿ ಕುಳಿತು ನೋಡಿದಾಗ ನಾಜಮೀನಳಿಗೆ ತಪ್ಪು ಗೊತ್ತಾಯಿತು. ಹೊಲದಿಂದ ಬಂದವಳು ಶಟರನ್ನು ಐವತ್ತಕ್ಕೆ ಇಳಿಸಲು ಮರೆತಿದ್ದಳು, ಚಿತ್ರ ತುಸು ಕಪ್ಪಾಗಿ ಕಂಡದ್ದನ್ನು ಇಳಿಬಿಸಿಲಿನ ಮಬ್ಬೆಂದುಕೊಂಡಿದ್ದಳು. ತಾಯಿಯ ಕೈ ಸಿಡಿದ ಮಣ್ಣಿನಂತೆಯೇ ಕಡಿಕಡಿದು ಹಾರುತ್ತಿತ್ತು. ಮಗನನ್ನು ಕಳಿಸುವ ಕೈಯಾಗಿರಲಿಲ್ಲ ಅದು. ಕಂಪ್ಯೂಟರಿನಲ್ಲಿ ಮಸುಕು ಬಳಿದು ನೋಡಿದಳು. ಬೆರಳುಗಳ ಸುತ್ತ ಹೊಗೆ ಮೆತ್ತಿದಂತೆ ಕಂಡಿತು. ಹೀಗೆಯೇ ಬಿಟ್ಟರೆ ಯಾರಿಗೆ ತಿಳಿದೀತು ಎಂದು ಒಂದು ಗಳಿಗೆ ಅನ್ನಿಸಿತು. ಮುಂದಿನ ಸಾಲಿನಲ್ಲಿ ರೇವವ್ವ ಕುಳಿತಿರುತ್ತಾಳೆ ಎಂಬುದು ನೆನಪಾಗಿ ಫೋನೆತ್ತಿಕೊಂಡಳು.

"ನಂದ ತಪ್ಪಾಗೇದ್ರಿ ಅಣ್ಣಾರ. ಬಸ್ಸಿಂದು ಮತ್ತ ತಗೀಬೇಕು."

ಸಂಗನಬಸವ ಒಪ್ಪಿದ. "ನಾಳೆ ಮುಂಜಾನಿ ಬರ್ರಿ. ಟೀಚರಿಗೆ ಪರೀಕ್ಷಾ ಕೆಲಸ ಹಚ್ಚ್ಯಾರ, ಅವರು ಸಿಗೂದಿಲ್ಲ. ಯಾರನ್ನರ ನೋಡೂಣು." ಮರುದಿನ ಸಂಜೆಯೇ ಶಾಲೆಯಲ್ಲಿ ಸಿನಿಮಾ ತೋರಿಸಬೇಕಿತ್ತು.

ಬೆಳಗ್ಗೆ ಅಕ್ಕ ತಮ್ಮ ತಿರ್ಲಾಪುರದಲ್ಲಿ ಇಳಿದಾಗ ತಾಯಿಯಾಗಿ ನಿಲ್ಲಲು ಯಾರೂ ಸಿಕ್ಕಿರಲಿಲ್ಲ. ಕೇಳಿದ ಹೆಂಗಸರೆಲ್ಲ ನಾಚಿಯೋ ಅಂಜಿಯೋ ಒಳಗೆ ಹೋಗಿದ್ದರು. ಸಾಧಿಕ್ ಸಮವಸ್ತ್ರ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಟ್ಟೆಯ ಬಳಿ ನಿಂತಿದ್ದ. ಆಗ ರೇವವ್ವ ಬಂದಳು. ಕೈಯಲ್ಲಿ ಹಾಲಿನ ತಂಬಿಗೆಯಿತ್ತು. ಸಾಧಿಕ್‌ನನ್ನು ಕಂಡು ನಿಂತುಬಿಟ್ಟಳು. ಸಂಗನಬಸವ ತಲೆ ತಗ್ಗಿಸಿದ. ನಾಜಮೀನಳಿಗೆ ಕ್ಯಾಮೆರಾ ಎಲ್ಲಿ ಬಚ್ಚಿಡಲಿ ಎನ್ನಿಸಿತು.

"ಯಾರ ಮಗ ಇಂವ?"

"ನನ್ನ ತಮ್ಮ ರೀ ಅಮ್ಮಾ. ಅಣ್ಣಿಗೇರಿಯವರು ನಾವು." ನಾಜಮೀನ್ ತೊದಲುತ್ತಲೇ ಎಲ್ಲವನ್ನೂ ಹೇಳಿದಳು. ಸಿನಿಮಾದ್ದು, ಬಸ್ಸಿನದ್ದು, ತಾನು ಮಾಡಿದ ತಪ್ಪು, ರೋಹಿಣಿ ಟೀಚರು ಬರದಿದ್ದದ್ದು.

ರೇವವ್ವ ಸಂಗನಬಸವನ ಕಡೆ ತಿರುಗಿದಳು. "ಊರೆಲ್ಲಾ ಕೇಳಿ, ನನ್ನ ಕೇಳಲಿಲ್ಲಲೋ."

"ಹ್ಯಾಂಗ ಕೇಳ್ಲಿ ಎವ್ವಾ" ಎಂದ ಅವನು.

ಅಷ್ಟರಲ್ಲಿ ನವಲಗುಂದದ ಬಸ್ಸು ತಿರುವಿನಲ್ಲಿ ಕಂಡಿತು. ರೇವವ್ವ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಸೆರಗು ಸರಿಮಾಡಿಕೊಂಡಳು. "ಎಲ್ಲಿ ನಿಂದರಲಿ?"

"ಬ್ಯಾಡ್ರಿ ಅಮ್ಮಾ" ಎಂದಳು ನಾಜಮೀನ್.

"ಎಲ್ಲಿ ನಿಂದರಲಿ ಹೇಳ, ಯವ್ವಾ. ಬಸ್ ಬಂತು."

ನಾಜಮೀನ್ ಬೆರಳು ತೋರಿಸಿದಳು. ಶಟರ್ ಐವತ್ತಿದೆಯೇ ಎಂದು ನೋಡಿದಳು. ನೋಡಿದ್ದು ಸಾಲದೆ ಮತ್ತೊಮ್ಮೆ ನೋಡಿದಳು. ಸಾಧಿಕ್ ಬಸ್ಸು ಹತ್ತಿ ಕಿಟಕಿಯಿಂದ ಇಣುಕಿದ. ಯಾರೂ ಹೇಳಿಕೊಡದೆ ರೇವವ್ವ ಎರಡು ಹೆಜ್ಜೆ ಬಸ್ಸಿನ ಹಿಂದೆ ನಡೆದು ಕೈ ಬೀಸಿದಳು. ಬಸ್ಸು ಮರೆಯಾದ ಮೇಲೂ ಕೈ ಕೆಳಗಿಳಿಯಲಿಲ್ಲ. ನಾಜಮೀನ್ ತೆಗೆಯುತ್ತಲೇ ಇದ್ದಳು.

ಸಂಜೆ ಶಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ ಸಿನಿಮಾ ತೋರಿಸಿದರು. ನಾಜಮೀನ್ ಪರದೆ ನೋಡಲಿಲ್ಲ, ರೇವವ್ವನ ಮುಖವನ್ನೇ ನೋಡುತ್ತಿದ್ದಳು. ಬೀಳ್ಕೊಡುವ ಕೈ ಮೆತ್ತಗೆ ಮಸುಕಾಗಿ ಆಡಿತು. ಅದರ ಹಿಂದೆಯೇ ಹೊಲದ ಬಿಸಿಲು ಚುಚ್ಚಿತು, ಹೆಂಟೆಗಳು ಒಂದೊಂದಾಗಿ ಎದ್ದವು, ಸಾಧಿಕ್ ಕಡಿದು ಕಡಿದು ಓಡಿದ. ಸಂಗನಬಸವ ಎದ್ದು ಹೊರಗೆ ಹೋದ. ರೇವವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆದರೆ ಕೊನೆಯವರೆಗೂ ಎದ್ದು ಹೋಗಲಿಲ್ಲ.

ಮುಗಿದ ಮೇಲೆ ಅವಳು ಹೊರಗೆ ಬಂದು, ಶಾಲೆಯ ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ ಸಂಗನಬಸವನ ಪಕ್ಕ ಕುಳಿತಳು.

"ಇಷ್ಟ ದಿನ ನೀ ಒಬ್ಬಾಂವನ ಇದನ್ನ ನೋಡಕೋಂತ ಬಂದಿಯಲ್ಲೋ" ಎಂದಳು.

ಅವಳು ಅವನ ಬೆನ್ನಿನ ಮೇಲೆ ಕೈಯಿಟ್ಟಳು. ವೈರು ಸುತ್ತುತ್ತಿದ್ದ ನಾಜಮೀನಳಿಗೆ ಅದು ಬಾಗಿಲಿನಿಂದ ಕಂಡಿತು. ರೇವವ್ವನನ್ನೇ ನಿಲ್ಲಿಸಿ ತೆಗೆದದ್ದು ಸರಿಯೋ ತಪ್ಪೋ ಅವಳಿಗೆ ಆಗಲೂ ತಿಳಿಯಲಿಲ್ಲ. ಮೊದಲು ಮನೆಗೆ ಹೋಗಿ ಸಾಧಿಕ್‌ನ ಎದುರು ಕುಳಿತು ಉಣ್ಣಬೇಕು ಎನ್ನಿಸಿತು. ಕ್ಯಾಮೆರಾ ಚೀಲಕ್ಕೆ ಹಾಕಿ ತಮ್ಮನನ್ನು ಕರೆದಳು.