ಅತ್ತಿಗೆಮ್ಮ ಕಂಡ ಗಾಲ್ಫ್

ಹೋದ ತಿಂಗಳು ನಾಗಮಂಗಲದ ಕ್ಷೌರದಂಗಡಿಯಲ್ಲಿ ಮುಖಕ್ಕೆ ಸೋಪಿನ ನೊರೆ ಬಳಿಸಿಕೊಂಡು ಕೂತಿದ್ದೆ. ಗೋಡೆಯ ಟೀವಿಯಲ್ಲಿ ಯಾವುದೋ ದೇಶದ ಹಸಿರು ಬಯಲು. ಅದರ ಮೇಲೆ ಒಬ್ಬ ಮಂಡಿಯೂರಿ ಕೂತು ನೆಲವನ್ನೇ ದಿಟ್ಟಿಸುತ್ತಿದ್ದ. ಅಂಗಡಿಯವನು, ಇದು ಆಟವೋ ಪೂಜೆಯೋ ಎಂದು ಗೊಣಗಿಕೊಂಡು ಚಾನೆಲ್ ಬದಲಿಸಲು ಹೋದ. ಇರಲಿ ಬಿಡಪ್ಪ ಎಂದೆ. ಅವನು ಕನ್ನಡಿಯಲ್ಲಿ ನನ್ನನ್ನು ಒಂಥರಾ ನೋಡಿದ. ನಾಗಮಂಗಲದಲ್ಲಿ ಗಾಲ್ಫ್ ನೋಡುವ ಮುದುಕ ನಾನೊಬ್ಬನೇ ಇರಬೇಕು. ನಿಜ ಹೇಳಬೇಕೆಂದರೆ ಆ ಆಟ ನನಗೆ ಅಂದೂ ಅರ್ಥವಾಗಿರಲಿಲ್ಲ, ಇಂದೂ ಆಗಿಲ್ಲ. ಅರ್ಥವಾಗಿದ್ದದ್ದು ನಮ್ಮ ಅತ್ತಿಗೆಮ್ಮನಿಗೆ.

ಅತ್ತಿಗೆಮ್ಮ ಎಂದರೆ ನನ್ನ ಅಣ್ಣನ ಹೆಂಡತಿ ಜಯಮ್ಮ. ಪಾಂಡವಪುರದ ನಮ್ಮ ಮನೆಗೆ ಅವರು ಮದುವೆಯಾಗಿ ಬಂದಾಗ ನನಗೆ ಎಂಟು ವರ್ಷ. ಅವ್ವ ಆಗಲೇ ತೀರಿಕೊಂಡಿದ್ದಳು. ನನ್ನ ತಲೆಗೆ ಎಣ್ಣೆ ಒತ್ತಿದ್ದು, ಮಗ್ಗಿ ತಪ್ಪಿದಾಗ ಕಿವಿ ಹಿಂಡಿದ್ದು, ಮೈಸೂರಿನ ಕಾಲೇಜಿಗೆ ಹೊರಟಾಗ ಹುರಿಟ್ಟು ಕಟ್ಟಿಕೊಟ್ಟಿದ್ದು ಎಲ್ಲ ಅವರೇ. ನನ್ನನ್ನು ಕರೆಯುತ್ತಿದ್ದುದು ‘ಮೊಗ’, ಅಂದರೆ ಮಗು, ಎಂದು. ನಾನು ಕೆ.ಆರ್. ಪೇಟೆಯಲ್ಲಿ ಹೈಸ್ಕೂಲು ಮೇಷ್ಟ್ರಾಗಿ ತಲೆ ಅರ್ಧ ಬೋಳಾದ ಮೇಲೂ ಅವರಿಗೆ ಮೊಗನೇ.

ಅಣ್ಣನಿಗೆ ಗೊಬ್ಬರದ ಅಂಗಡಿ. ಬೇಸಾಯವೆಲ್ಲ ಅತ್ತಿಗೆಮ್ಮನ ಕೈಯಲ್ಲಿ. ನಾಲೆಯ ನೀರನ್ನು ಗದ್ದೆಗೆ ತಿರುಗಿಸಿ ಒಂದು ಮಡಿಯಿಂದ ಇನ್ನೊಂದಕ್ಕೆ ಹಾಯಿಸುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಾಣೆ. ನಮ್ಮ ಕಣ್ಣಿಗೆ ಮಟ್ಟಸವಾಗಿ ಕಾಣುವ ಗದ್ದೆಯ ಬದುವಿನ ಮೇಲೆ ನಿಂತು, ನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಯಾವ ಮೂಲೆ ಒಣಗುತ್ತದೆ ಎಂದು ಹೇಳಿಬಿಡುತ್ತಿದ್ದರು. ಅದೇ ಬದುವಿನ ಮೇಲೆ ಒಂದು ಮಳೆಗಾಲ ಕಾಲು ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಅಲ್ಲಿಂದಾಚೆಗೆ ಅವರ ಪಾಲಿಗೆ ಉಳಿದದ್ದು ಒಂದು ಊರುಗೋಲು, ಪಡಸಾಲೆಯಲ್ಲೊಂದು ಕುರ್ಚಿ.

ಆಗ ತೊಂಬತ್ತರ ದಶಕದ ನಡುಗಾಲ, ನಮ್ಮ ಬೀದಿಗೆ ಕೇಬಲ್ ಬಂದಿತ್ತು. ಧಾರಾವಾಹಿಗಳಲ್ಲಿ ಹೆಂಗಸರು ಅಳುವುದು ಅತ್ತಿಗೆಮ್ಮನಿಗೆ ಹಿಡಿಸಲಿಲ್ಲ. ಕ್ರಿಕೆಟ್ಟಿನ ಗದ್ದಲವೂ ಬೇಡವಾಯಿತು. ನಾನು ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟೊಡನೆ ಚಿನಕುರಳಿ ಮೇಲಿನ ಬಸ್ಸು ಹತ್ತಿ ಊರಿಗೆ ಬರುತ್ತಿದ್ದೆ. ಅಂಥ ಒಂದು ಶನಿವಾರ ನೋಡುತ್ತೇನೆ, ಅವರು ಗಾಲ್ಫ್ ಹಾಕಿಕೊಂಡು ಕೂತಿದ್ದಾರೆ.

“ಬಾ ಮೊಗ. ಅಲ್ಲಿ ನೀರ್ ಬುಟ್ರೆ ಎತ್ಲಾಗ್ ಓಯ್ತದೆ ಏಳು. ಎಡಕ್ಕಲ್ವಾ? ಚೆಂಡೂ ಅತ್ಲಾಗೇ ಓಗೋದು. ಇವ್ನು ನೆಟ್ಟಗೆ ಒಡೀತಾವ್ನೆ, ತಪ್ತದೆ ನೋಡು.”

ತಪ್ಪಿತು. ಚೆಂಡು ಗುಂಡಿಯ ಅಂಚಿಗೆ ಬಂದು ಎಡಕ್ಕೆ ವಾಲಿಕೊಂಡು ಹೋಯಿತು. ನಾನು ನಕ್ಕೆ. ಮುಂದಿನವನ ಸರದಿ ಬಂದಾಗಲೂ ಅವರು ಹೇಳಿದ್ದೇ ಆದಾಗ ನಗು ನಿಂತಿತು.

ನನಗೆ ಇಂಗ್ಲಿಷ್ ಬರುತ್ತದೆಂಬ ಜಂಬದಿಂದ ಪತ್ರಿಕೆ ಓದಿಕೊಂಡು ಹೋಗಿ ಆಟದ ನಿಯಮ ಹೇಳಿಕೊಡತೊಡಗಿದೆ. ಗುಂಡಿಗೆ ಗೊತ್ತುಮಾಡಿದ ಲೆಕ್ಕಕ್ಕಿಂತ ಒಂದು ಏಟು ಕಡಿಮೆಯಾದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್, ಒಂದು ಹೆಚ್ಚಾದರೆ ಬೋಗಿ. ಅತ್ತಿಗೆಮ್ಮ ಅದನ್ನು ಒಂದೇ ಪಾಠಕ್ಕೆ ತಮ್ಮದು ಮಾಡಿಕೊಂಡರು: ಒಂದು ಕಮ್ಮಿಯಾದರೆ ಹಕ್ಕಿ, ಎರಡು ಕಮ್ಮಿಯಾದರೆ ಹದ್ದು, ಒಂದು ಜಾಸ್ತಿಯಾದರೆ ರೈಲು. ನನ್ನ ಹೈಸ್ಕೂಲು ಮಕ್ಕಳಲ್ಲಿ ಇಷ್ಟು ಚುರುಕಾದವರು ಇರಲಿಲ್ಲ.

ಆಟಗಾರರ ವಿದೇಶಿ ಹೆಸರುಗಳು ಅವರ ಬಾಯಲ್ಲಿ ತಿರುಗುತ್ತಿರಲಿಲ್ಲವಾದ್ದರಿಂದ ತಾವೇ ಹೆಸರಿಟ್ಟರು. ಎಲ್ಲರಿಗಿಂತ ದೂರ ಹೊಡೆಯುವವನು ಧಿಮಾಕಣ್ಣ. ಅವನು ಗೆದ್ದಾಗಲೆಲ್ಲ ಪಡಸಾಲೆಯಲ್ಲಿ ಸೂತಕ. ಹೊಡೆತ ತಪ್ಪಿದರೆ ಕೋಲುಗಳ ಚೀಲ ಹೊರುವವನ ಮೇಲೆ ರೇಗುತ್ತಾನೆ, ಆಳನ್ನು ಬಯ್ಯುವವನ ಹೊಲ ಹಸನಾಗುವುದಿಲ್ಲ ಎಂಬುದು ಅವರ ತಕರಾರು. ಹಿಂದೆ ಬಹಳ ಗೆದ್ದಿದ್ದ, ಈಗ ಗುಂಡಿಯ ಹತ್ತಿರ ಬಂದಾಗ ಕೈ ನಡುಗುವ ಹಿರಿಯನೊಬ್ಬ ಯಜಮಾನ್ರು. ಅವರಿಗೆ ಗೆದ್ದು ಸಾಕಾಗಿದೆ, ಬಿಡುವುದಕ್ಕೆ ಮನಸ್ಸಿಲ್ಲ ಎಂದು ಮರುಗುತ್ತಿದ್ದರು. ಇನ್ನು ಅವರ ಮೆಚ್ಚಿನವನು ನಿಧಾನಪ್ಪ. ಎಲ್ಲ ಕಡೆ ಮುಂದೆ ಬಂದು, ಕೊನೆಯ ದಿನ ಎರಡನೆಯವನೋ ಮೂರನೆಯವನೋ ಆಗಿ ಉಳಿಯುತ್ತಿದ್ದ ಬಡಕಲು ಮನುಷ್ಯ.

ಒಂದು ಭಾನುವಾರ ನಿಧಾನಪ್ಪ ಹುಲ್ಲಿನೊಳಗೆ ಕೋಲು ಇಟ್ಟಾಗ, ಹೊಡೆಯುವ ಮೊದಲೇ, ಚೆಂಡು ಕೂದಲೆಳೆಯಷ್ಟು ಅಲುಗಿತಂತೆ. ಯಾರೂ ನೋಡಿರಲಿಲ್ಲ. ಅವನೇ ಕೈಯೆತ್ತಿ ಪಂಚರನ್ನು ಕರೆದು, ಒಂದು ಏಟು ದಂಡ ಬರೆಸಿಕೊಂಡ. ಆ ಒಂದೇ ಏಟಿನಲ್ಲಿ ಸೋತ. ಟೀವಿಯವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದುದನ್ನು ನಾನು ಬಿಡಿಸಿ ಹೇಳಿದೆ. ಅತ್ತಿಗೆಮ್ಮ, “ಇವ್ನ ಎತ್ತವ್ವ ಪುಣ್ಯ ಮಾಡಿದ್ಲು ಕಣ್ಲಾ” ಎಂದರು.

ಆ ನಿಧಾನಪ್ಪ ಬೆಂಗಳೂರಿಗೇ ಆಡಲು ಬರುತ್ತಾನೆಂದು ಪತ್ರಿಕೆಯಲ್ಲಿ ಬಂತು. ಬೆಂಗಳೂರಿನ ಬ್ಯಾಂಕಿನಲ್ಲಿದ್ದ ಗೆಳೆಯನೊಬ್ಬ ಎರಡು ಪಾಸು ಕೊಡಿಸುವೆನೆಂದ. ನಾನು ಆ ಶನಿವಾರವೇ ಓಡಿಬಂದು, ಕರೆದುಕೊಂಡು ಹೋಗುತ್ತೇನೆ ಅತ್ತಿಗೆಮ್ಮ ಎಂದು ಮಾತು ಕೊಟ್ಟೆ.

“ಟೀವಿಲಿ ನೆಲ ಚಪ್ಪಟೆ ಕಾಣ್ತದೆ ಮೊಗ. ಒಂದ್ಸಲ ಅಲ್ಲಿಗೋಗಿ ಕಾಲಲ್ಲಿ ತುಳ್ದು ನೋಡ್ಬೇಕು ಅಂತಾಸೆ” ಎಂದರು. ಅವರು ನನ್ನನ್ನು ಏನನ್ನಾದರೂ ಬೇಕೆಂದು ಕೇಳಿದ್ದು, ನನಗೆ ನೆನಪಿರುವಂತೆ, ಅದೊಂದೇ ಸಲ.

ಪಾಸು ಬಂದವು. ಹೊಳೆಯುವ ಕಾಗದ, ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುವಂಥವು. ಅವನ್ನು ನೋಡಿದ ಮೇಲೆಯೇ ನನ್ನ ತಲೆ ಕೆಟ್ಟಿದ್ದು. ಅಲ್ಲಿಗೆ ಬರುವ ಜನ ಎಂಥವರೋ, ಅವರ ನಡುವೆ ಎಲೆ ಅಡಿಕೆ ಹಾಕಿಕೊಂಡು ಕೋಲೂರಿ ನಡೆಯುವ ಅತ್ತಿಗೆಮ್ಮ ‘ಎತ್ಲಾಗ್ ಓಯ್ತದೆ ಏಳು’ ಎಂದು ಕೂಗಿದರೆ ಏನು ಗತಿ ಎಂದು ಯೋಚನೆ ಹತ್ತಿತು. ಅದೇ ವಾರ ನಮ್ಮ ಸ್ಕೂಲಿಗೆ ಹೊಸದಾಗಿ ಬಂದಿದ್ದ ಹೆಡ್‌ಮಾಸ್ಟರು ನನ್ನ ಮೇಜಿನ ಮೇಲೆ ಪಾಸು ಕಂಡು, ನಿಮಗೆ ಗಾಲ್ಫ್ ಗೊತ್ತೇನ್ರೀ ಎಂದು ಬೆರಗಾದರು. ಬೆಂಗಳೂರಿನಲ್ಲಿ ಬೆಳೆದ, ಠಾಕುಠೀಕಾದ ಮನುಷ್ಯ. ಆ ಬೆರಗು ನನಗೆ ಬೆಲ್ಲದ ಹಾಗೆ ರುಚಿಸಿತು. ಬನ್ನಿ ಸಾರ್, ಇನ್ನೊಂದು ಪಾಸಿದೆ ಎಂದುಬಿಟ್ಟೆ. ಅತ್ತಿಗೆಮ್ಮನಿಗೆ ಅಣ್ಣನ ಅಂಗಡಿಗೆ ಫೋನು ಮಾಡಿ ಹೇಳಿಸಿದೆ: ಪಾಸು ಸಿಗಲಿಲ್ಲ, ಈ ವಾರ ಪರೀಕ್ಷೆಯ ಕೆಲಸವಿದೆ, ಊರಿಗೂ ಬರುವುದಿಲ್ಲ.

ಆ ಭಾನುವಾರ ನಾನು ಹೆಡ್‌ಮಾಸ್ಟರ ಪಕ್ಕ, ನೋಡುವವರಿಗೆಂದು ಕಟ್ಟಿದ್ದ ಹಗ್ಗದ ಹಿಂದೆ ನಿಂತು, ಅತ್ತಿಗೆಮ್ಮನ ಅಭಿಪ್ರಾಯಗಳನ್ನೆಲ್ಲ ಒಳ್ಳೆಯ ಇಂಗ್ಲಿಷಿನಲ್ಲಿ ನನ್ನವೆಂದು ಹೇಳಿದೆ. ಅವರು ತಲೆದೂಗಿದರು. ನಿಧಾನಪ್ಪ ಕೊನೆಯ ಗುಂಡಿಯಲ್ಲಿ ಒಂದು ಉದ್ದದ ಹೊಡೆತ ಹೊಡೆದ. ಚೆಂಡು ಬಾಗಿ ಬಾಗಿ ಬಂದು ಒಳಗೆ ಬಿತ್ತು. ಅವನು ಗೆದ್ದ. ನಾನೂ ಎಲ್ಲರ ಹಾಗೆ ಚಪ್ಪಾಳೆ ತಟ್ಟಿದೆ.

ಮುಂದಿನ ಶನಿವಾರ ಊರಿಗೆ ಹೋದೆ. ಅತ್ತಿಗೆಮ್ಮ ಎಂದಿನಂತೆ ಮುದ್ದೆ ಬಡಿಸಿದರು, ಬಸ್ಸಾರು ಇನ್ನಷ್ಟು ಹಾಕಿಕೋ ಎಂದರು. ನಾನು ಕೈ ತೊಳೆದು ಬಂದು ಕೂತ ಮೇಲೆ ಮೆಲ್ಲಗೆ ಕೇಳಿದರು.

“ಆ ಕೊನೆ ಗುಂಡಿ ತಾವ ನೀನು ನಿಂತಿದ್ಯಲ್ಲ ಮೊಗ, ಅಲ್ಲಿಂದ ನೆಲ ಎತ್ಲಾಗ್ ಇಳಿಜಾರಿತ್ತು? ಟೀವಿಲಿ ಸರಿಯಾಗ್ ಗೊತ್ತಾಗ್ನಿಲ್ಲ.”

ಅವರ ಮುಖದಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು. ಅಷ್ಟು ದೂರ ಹೋಗಿ ನಾನು ನೆಲವನ್ನೇ ನೋಡಿರಲಿಲ್ಲ, ನನ್ನನ್ನು ಯಾರು ನೋಡುತ್ತಿದ್ದಾರೆ ಎಂದಷ್ಟೇ ನೋಡಿದ್ದೆ. ಎಡಕ್ಕಿರಬೇಕು ಅತ್ತಿಗೆಮ್ಮ ಎಂದೆ. ಹೂಂ ಎಂದು ತಟ್ಟೆ ಎತ್ತಿಕೊಂಡು ಊರುಗೋಲಿನ ಸದ್ದು ಮಾಡುತ್ತ ಒಳಗೆ ಹೋದರು.

ಆಮೇಲೂ ಮೊಗ ಎನ್ನುವುದನ್ನೇನೂ ಬಿಡಲಿಲ್ಲ. ಬಿಟ್ಟಿದ್ದರೆ ಕಾಲು ಹಿಡಿದು ತಪ್ಪಾಯಿತು ಎನ್ನಬಹುದಿತ್ತು. ಗಾಲ್ಫನ್ನೂ ನೋಡುತ್ತಿದ್ದರು. ಆದರೆ ಯಾರು ಗೆಲ್ಲುತ್ತಾರೆ ಅತ್ತಿಗೆಮ್ಮ ಎಂದು ನಾನು ಕೇಳಿದರೆ, ಯಾರೋ ಒಬ್ರು ಗೆಲ್ತಾರೆ ಬುಡು ಎನ್ನುತ್ತಿದ್ದರು. ಆ ದಶಕ ಮುಗಿಯುವ ಮೊದಲೇ ಒಂದು ಜ್ವರದಲ್ಲಿ ಹೋಗಿಬಿಟ್ಟರು. ಹೇಳಬೇಕಾದ್ದನ್ನು ನಾನು ಹೇಳಿರಲಿಲ್ಲ.

ಕ್ಷೌರದಂಗಡಿಯಿಂದ ಬಂದ ಮಾರನೆಯ ದಿನ, ಸುಮ್ಮನೆ ಇರಲಾರದೆ ಪಾಂಡವಪುರಕ್ಕೆ ಹೋದೆ. ಎದುರು ಮನೆಯ ಚಿಕ್ಕತಾಯಮ್ಮ, ಅತ್ತಿಗೆಮ್ಮನ ಓರಗೆಯವರು, ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಗಾಲ್ಫಿನ ಮಾತು ತೆಗೆದೆ. ಅವರು ನಕ್ಕರು. ಬೆಂಗಳೂರಿನ ಆಟದ ದಿನ ಜಯಮ್ಮ ಬೀದಿಯವರನ್ನೆಲ್ಲ ಕೂಗಿ, ನಮ್ಮ ಮೊಗ ಟೀವಿಲಿ ಬಂದವ್ನೆ ಬನ್ನಿ ಎಂದು ಕರೆದಿದ್ದರಂತೆ. ನಿನ್ನನ್ನೇಕೆ ಕರೆದುಕೊಂಡು ಹೋಗಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ, ಅವನು ಕರೆದ, ನಾನೇ ಒಲ್ಲೆ ಅಂದೆ, ಬಸ್ಸಿನಲ್ಲಿ ಈ ಸೊಂಟ ತಡೆಯುತ್ತದಾ ಎಂದಿದ್ದರಂತೆ.

“ಇಲ್ಲ ಚಿಕ್ಕತಾಯಮ್ಮ, ನಾನು ಕರೀಲಿಲ್ಲ. ಪಾಸು ಸಿಕ್ಕಿಲ್ಲ ಅಂತ ಸುಳ್ಳು ಹೇಳಿದ್ದೆ.” ಇಷ್ಟು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವರು ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದರು.

“ಗೊತ್ತು ಬುಡಪ್ಪ. ಆ ವಾರ ಬೆಂಗ್ಳೂರ್ಗೆ ಅಂತ ಅವ್ಳ ಸೀರೆ ಇಸ್ತ್ರಿ ಮಾಡುಸ್ಕಂಡ್ ಬಂದಿದ್ದು ನಾನೇ.”

ಅವರು ಒಂದು ಹಿಡಿ ಅವರೆಕಾಯಿಯನ್ನು ನನ್ನ ಮುಂದೆ ಸರಿಸಿದರು. ನಾನು ಅಲ್ಲೇ ಕೂತು ಸುಲಿಯತೊಡಗಿದೆ.